ಏಳನೆಯ ಕ್ಯೂಬು

ನಾನು ಬರೆಯಲು ಕಲಿತದ್ದು ಹಸಿ ಕಾಂಕ್ರೀಟಿನ ಮೇಲೆ, ಮೊಳೆ ಹಿಡಿದು. ಸ್ಲೇಟು ಬಳಪ ಮುಟ್ಟಿದವಳಲ್ಲ. ಗಾರೆ ಕೆಲಸದಲ್ಲಿ ಬಾಂಡ್ಲಿ ಹೊರುತ್ತಿದ್ದೆ. ಮಂಡಿ ಹಿಡಿದುಕೊಂಡ ಮೇಲೆ ನಮ್ಮ ಮೇಸ್ತ್ರಿ, ಇನ್ನು ನೀನು ಸಾರ್ವೆಯ ಬೊಂಬು ಹತ್ತಲಾರೆ ಅಂದು, ಶಂಕರಪುರಂನ ಒಂದು ಮನೆಗೆ ಕರೆದುಕೊಂಡು ಹೋಗಿ ಬಿಟ್ಟ. ಗವಿಪುರಂನ ನನ್ನ ಮನೆಯಿಂದ ನಡೆದೇ ಹೋಗುವಷ್ಟು ದೂರ.

ಹೊರಗಿನಿಂದ ನೋಡಿದರೆ ಅದು ಹಳೇ ಮನೆ. ಕಲ್ಲಿನ ಜಗಲಿ, ಕೆಂಪು ನೆಲ. ಒಳಗೆ ಸಿಮೆಂಟು ಕಾಂಕ್ರೀಟು ಪರೀಕ್ಷೆ ಮಾಡುವ ಲ್ಯಾಬು. ಹಿತ್ತಲಲ್ಲಿ ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ ಎದೆಮಟ್ಟದ ನೀರಿನ ತೊಟ್ಟಿ. ಕೆಲಸ ಇಷ್ಟೇ: ಯಾರೋ ಎಲ್ಲೋ ಕಟ್ಟಡ ಕಟ್ಟುತ್ತಾರೆ. ಅವರ ಕಾಂಕ್ರೀಟು ಗಟ್ಟಿಯೋ ಜೊಳ್ಳೋ ತಿಳಿಯಬೇಕು. ಅದೇ ಜಲ್ಲಿ, ಅದೇ ಸಿಮೆಂಟು ಕಲಸಿ ಕಬ್ಬಿಣದ ಅಚ್ಚಿಗೆ ತುಂಬಬೇಕು. ಮರುದಿನ ಅಚ್ಚು ಬಿಚ್ಚಿದರೆ ಗೇಣಿಗಿಂತ ಚೂರು ಕಮ್ಮಿಯ ಚೌಕ ಸಿಗುತ್ತದೆ. ಅದಕ್ಕೆ ಕ್ಯೂಬು ಅನ್ನುತ್ತಾರೆ. ಅದನ್ನು ತೊಟ್ಟಿಯಲ್ಲಿ ಮುಳುಗಿಸಿಡಬೇಕು. ಏಳನೇ ದಿನ ಮೂರು, ಇಪ್ಪತ್ತೆಂಟನೇ ದಿನ ಮೂರು ತೆಗೆದು ಮಿಷನ್ನಿನ ಕೆಳಗಿಟ್ಟು ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಅನ್ನುವುದನ್ನು ಬರೆದು ಕಳಿಸುತ್ತಾರೆ. ಕಲಸುವುದು, ತುಂಬುವುದು, ಮುಳುಗಿಸುವುದು, ಎತ್ತಿ ಕೊಡುವುದು ನನ್ನ ಪಾಲು. ಓದಿದವರು ಮಿಷನ್ನಿನ ಮುಳ್ಳು ನೋಡುತ್ತಾರೆ.

ಆಗ ಲ್ಯಾಬಿನ ಯಜಮಾನರು ವಯಸ್ಸಾದ ಇಂಜಿನಿಯರು. ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಮೊದಲ ದಿನ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದೆ. ಅವರು ನೋಡಿದರು. ಮಧ್ಯಾಹ್ನ ನಾನು ತುಂಬಿದ ಅಚ್ಚುಗಳ ಹತ್ತಿರ ಬಂದು ನನ್ನ ಹೆಸರು ಕೇಳಿ, ಹಸಿ ಕಾಂಕ್ರೀಟಿನ ಮೇಲೆ ಮೊಳೆಯಲ್ಲಿ ಒಂದು ಅಕ್ಷರ ಗೀಚಿದರು.

"ಇದು ನಿನ್ನ ಅಕ್ಷರ. ತುಂಬಿದೋರು ಗುರ್ತು ಹಾಕ್ಬೇಕು. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರ ಕೈಯದ್ದು ಅಂತ ತಿಳೀಬೇಕಲ್ಲ" ಅಂದರು.

ಹಾಗೆ ಕಲಿತೆ. ಮೊದಲು ನನ್ನ ಅಕ್ಷರ, ಆಮೇಲೆ ತಾರೀಖು ಬರೆಯಲು ಅಂಕಿ, ಆಮೇಲೆ ಚೀಲಗಳ ಮೇಲಿನ ಬರಹ, ಬಸ್ಸಿನ ಬೋರ್ಡು, ಪೇಪರಿನ ದಪ್ಪಕ್ಷರ. ಸಣ್ಣಕ್ಷರ ಓದಲು ಈಗಲೂ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಸಾಹೇಬರು ಇನ್ನೊಂದನ್ನೂ ಕಲಿಸಿದರು. ಆರು ಕೇಳಿದರೆ ಏಳು ಹಾಕಬೇಕು. ಆರು ಗಿರಾಕಿಯದು, ಏಳನೆಯದು ನಮ್ಮದು. ಆರೂ ಒಡೆದು ಪುಡಿಯಾದ ಮೇಲೆ ಯಾರಾದರೂ ತಕರಾರು ತೆಗೆದರೆ ತೋರಿಸಲು ಕೈಯಲ್ಲಿ ಒಂದು ಇರಬೇಕು. ತಕರಾರು ಬರದಿದ್ದರೆ ನಾಲ್ಕಾರು ತಿಂಗಳ ಮೇಲೆ ಮನೆಗೆ ಒಯ್ಯಬಹುದು. ನನ್ನ ಮನೆಯ ಮೆಟ್ಟಿಲು, ನೀರಿನ ಡ್ರಮ್ಮಿನ ಕಾಲು, ಬಟ್ಟೆ ಒಗೆಯುವ ಕಲ್ಲಿನ ಒತ್ತು, ಎಲ್ಲ ಏಳನೆಯವೇ. ಅಕ್ಕಪಕ್ಕದ ಮನೆಗಳಿಗೂ ಕೊಟ್ಟಿದ್ದೇನೆ. ನಮ್ಮ ಗಲ್ಲಿಯಲ್ಲಿ ನಡೆದು ಹೋದರೆ ಅಲ್ಲಲ್ಲಿ ನನ್ನ ಅಕ್ಷರ ಕಾಲಿಗೆ ಸಿಗುತ್ತದೆ.

ಸಾಹೇಬರು ತೀರಿಕೊಂಡರು. ಅವರ ಮಗಳು ಲ್ಯಾಬು ನೋಡಿಕೊಳ್ಳಲು ಬಂದರು. ಅವರೂ ಇಂಜಿನಿಯರು. ಅವರನ್ನು ಮೇಡಂ ಅನ್ನುತ್ತೇವೆ. ಕೆಟ್ಟವರಲ್ಲ. ತೊಟ್ಟಿಗೆ ಟೈಲ್ಸು ಹಾಕಿಸಿದರು, ನನಗೆ ಗ್ಲೌಸು ಕೊಡಿಸಿದರು. ನಾನು ಹಾಕಿಕೊಳ್ಳಲಿಲ್ಲ, ಅದು ಬೇರೆ ಮಾತು. ಒಂದು ಸಲ ಲ್ಯಾಬು ತಪಾಸಣೆ ಮಾಡುವವರು ಬಂದಿದ್ದಾಗ ತೊಟ್ಟಿಯಲ್ಲಿ ಒಂದು ಕ್ಯೂಬು ಎತ್ತಿ ತೋರಿಸಿ, ಇದು ರಿಜಿಸ್ಟರಿನಲ್ಲಿ ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಅದು ಏಳನೆಯದು. ಮೇಡಂ ಮುಖ ಸಣ್ಣದಾಯಿತು. ತಪಾಸಣೆಯವರು ಹೋದ ಮೇಲೆ ನನ್ನನ್ನು ಕರೆದು, ಇನ್ನು ಮೇಲೆ ಏಳನೆಯದು ಬೇಡ, ಲೆಕ್ಕಕ್ಕೆ ಸಿಗದ ಕ್ಯೂಬು ಇನ್ನೊಂದು ಸಲ ಸಿಕ್ಕರೆ ನಮ್ಮ ಸರ್ಟಿಫಿಕೇಟೇ ಹೋಗುತ್ತದೆ, ಹಾಕಿದರೆ ನಿಮ್ಮನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಅಂದರು. ಆಯ್ತು ಅಂದೆ.

ಆಯ್ತು ಅಂದೆ, ಬಿಡಲಿಲ್ಲ. ಎಲ್ಲದಕ್ಕೂ ಹಾಕುತ್ತಿರಲಿಲ್ಲ. ಕಲಸುವಾಗ ಕೈಗೆ ಅನುಮಾನ ಬಂದದ್ದಕ್ಕೆ ಮಾತ್ರ ಹಾಕುತ್ತಿದ್ದೆ. ತೊಟ್ಟಿಯ ಮೂಲೆಯಲ್ಲಿ, ನೀರಿನ ಅಡಿಯಲ್ಲಿ ಒಂದು ಹಾಸುಗಲ್ಲು ಇದೆ. ಅದರ ಕೆಳಗಿನ ಸಂದಿಯಲ್ಲಿ ತೂರಿಸಿ ಇಡುತ್ತಿದ್ದೆ. ಅಲ್ಲಿಗೆ ಕೈ ಹಾಕುವವಳು ನಾನೊಬ್ಬಳೇ.

ಹೀಗಿರುವಾಗ ಆ ಡಬ್ಬದ ಕೆಲಸ ಬಂತು.

ತಂದವನು ಒಬ್ಬ ಇಂಜಿನಿಯರು. ಮೂವತ್ತರ ಆಸುಪಾಸು, ಹನುಮಂತನಗರದವನು, ಯಾವುದೋ ದೊಡ್ಡ ಕಂಟ್ರಾಕ್ಟು ಕಂಪನಿಯಲ್ಲಿದ್ದ. ಸಣ್ಣ ಲಾರಿಯಲ್ಲಿ ಗೋಣಿಚೀಲಗಳು ಬಂದವು. ನಾನು ಎಂದಿನ ಹಾಗೆ ಒಂದು ಬಾಂಡ್ಲಿ ಜಲ್ಲಿ ತುಂಬಿ ಎತ್ತಲು ಹೋದೆ. ಮೇಲೇಳಲಿಲ್ಲ. ನನಗೆ ವಯಸ್ಸಾಯಿತು ಅಂದುಕೊಂಡೆ. ಬಗ್ಗಿ ನೋಡಿದರೆ ನಮ್ಮ ಬೂದುಬಣ್ಣದ ಜಲ್ಲಿ ಅಲ್ಲ. ಕೆಂಪು, ಕಪ್ಪು, ಮುಟ್ಟಿದರೆ ಕೈಗೆ ಕುಂಕುಮದಂತೆ ಹತ್ತುವ ಕಲ್ಲು. ಕಬ್ಬಿಣದ ಅದಿರು ಎಂದು ಅವನು ಹೇಳಿದ.

ಯಾವ ಕಟ್ಟಡಕ್ಕಪ್ಪಾ ಇದು ಎಂದು ಕೇಳಿದೆ.

"ಕಟ್ಟಡಕ್ಕಲ್ಲ ಅಜ್ಜಿ. ಡಬ್ಬಕ್ಕೆ."

"ಇಂಥ ಡಬ್ಬದಲ್ಲಿ ಏನಿಡ್ತೀರ, ಉಪ್ಪಿನಕಾಯಾ?"

ಅವನು ನಕ್ಕ. ಒಳ್ಳೆಯ ಹುಡುಗನೇ. ಜಗಲಿ ಮೇಲೆ ಕೂತು ವಿವರವಾಗಿ ಹೇಳಿದ. ಅಣು ಕರೆಂಟು ಮಾಡುವ ಕಡೆ ಇಂಧನವನ್ನು ಉದ್ದ ಕಡ್ಡಿಗಳ ಹಾಗೆ ಮಾಡಿ ಹಾಕುತ್ತಾರಂತೆ. ಅದು ಉರಿದು ಮುಗಿದರೆ ಬೂದಿ ಆಗುವುದಿಲ್ಲ, ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ. ನೋಡಲು ಏನೂ ಬದಲಾಗಿರುವುದಿಲ್ಲ. ಆದರೆ ಒಳಗೆ ಬಿಸಿ ಇರುತ್ತದೆ, ಕಣ್ಣಿಗೆ ಕಾಣದ ಕಿರಣ ಹೊರಗೆ ಬರುತ್ತಿರುತ್ತದೆ. ಅದು ಮೈಗೆ ತಾಗಬಾರದು. ಮೊದಲು ಅದನ್ನು ವರ್ಷಗಟ್ಟಲೆ ನೀರಿನಲ್ಲಿ ಮುಳುಗಿಸಿಡುತ್ತಾರೆ. ಬಿಸಿ ಇಳಿದ ಮೇಲೆ ತೆಗೆದು, ಒಣಗಿಸಿ, ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಆ ಪೆಟ್ಟಿಗೆಯನ್ನು ಮನುಷ್ಯನಿಗಿಂತ ಎತ್ತರದ ಕಾಂಕ್ರೀಟಿನ ಡಬ್ಬದೊಳಗೆ ನಿಲ್ಲಿಸುತ್ತಾರೆ. ಆಮೇಲೆ ಅದಕ್ಕೆ ನೀರೂ ಬೇಡ, ಕರೆಂಟೂ ಬೇಡ, ಫ್ಯಾನೂ ಬೇಡ. ಕೆಳಗಿನ ಕಂಡಿಯಿಂದ ತಣ್ಣನೆ ಗಾಳಿ ಹೋಗಿ ಮೇಲಿನ ಕಂಡಿಯಿಂದ ಬಿಸಿ ಗಾಳಿ ಬರುತ್ತದೆ. ಹಳೇ ಮನೆಯ ಅಡುಗೆಕೋಣೆಗೆ ಗವಾಕ್ಷಿ ಇಟ್ಟ ಹಾಗೆ. ನನಗೆ ಚೆನ್ನಾಗಿ ಅರ್ಥವಾಯಿತು.

ನಮ್ಮ ಕ್ಯೂಬೂ ಅಷ್ಟೇ, ಮೊದಲು ನೀರಲ್ಲಿ, ಆಮೇಲೆ ಹೊರಗೆ ಅಂದೆ. ಈ ಕೆಂಪು ಕಲ್ಲು ಯಾಕೆ ಎಂದು ಕೇಳಿದೆ.

"ಗೋಡೆ ಬರೀ ದಪ್ಪ ಇದ್ರೆ ಸಾಲ್ದು ಅಜ್ಜಿ, ಭಾರ ಇರ್ಬೇಕು. ಭಾರದ ಕಲ್ಲು ಇದ್ದಷ್ಟೂ ಕಿರಣ ನಿಲ್ಲತ್ತೆ" ಅಂದ.

ಎಷ್ಟು ದಿನ ಇಡುತ್ತೀರಿ ಎಂದು ಕೇಳಿದ್ದಕ್ಕೆ, ನಾವ್ಯಾರೂ ಇರುವುದಿಲ್ಲ ಬಿಡಿ ಎಂದು ಕೈ ಆಡಿಸಿದ. ನಾವು ಇಲ್ಲದಿದ್ದರೆ ಹೋಗಲಿ, ಗೋಡೆ ಇರಬೇಕಲ್ಲ ಅಂದೆ. ಅದಕ್ಕೇ ನಿಮ್ಮ ಹತ್ತಿರ ಬಂದಿರುವುದು ಅಂದ. ಇಲ್ಲಿ ಹೇಗೆ ಕಲಸಿ, ಎಷ್ಟು ಹೊತ್ತು ಅದುರಿಸಿ ತುಂಬುತ್ತೇವೋ ಅದನ್ನೇ ವರದಿಯಲ್ಲಿ ಬರೆಯುತ್ತಾರೆ. ವರದಿ ಪಾಸಾದರೆ ಡಬ್ಬದ ಗೋಡೆಗಳನ್ನೂ ಅದೇ ಅಳತೆಯಲ್ಲಿ ಹಾಕುತ್ತಾರೆ. ಅವನಿಗೆ ಕಂಪನಿ ಕೊಟ್ಟ ಮೊದಲ ದೊಡ್ಡ ಕೆಲಸವಂತೆ ಅದು.

ಸಂಜೆ ಗಲ್ಲಿಯಲ್ಲಿ ಹೇಳಿದೆ. ಎದುರು ಮನೆಯವಳು ಹಿಂದಕ್ಕೆ ಸರಿದು ಕೂತಳು. ಬಾಂಬಿನ ಸಾಮಾನು ಮುಟ್ಟಿ ಬಂದು ನಮ್ಮ ನಲ್ಲಿ ಮುಟ್ಟಬೇಡ ಅಂದಳು. ನನ್ನ ಮಗಳು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆ. ಅವಳೂ, ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ, ಕೆಲಸ ಬಿಟ್ಟು ಮನೆಯಲ್ಲಿರು ಅಂದಳು. ನಾನು ಮುಟ್ಟಿದ್ದು ಬರೀ ಕಲ್ಲು. ಇಂಧನ ಎಲ್ಲೋ ಇದೆ, ಇಲ್ಲಿಗೆ ಅದರ ವಾಸನೆಯೂ ಬಂದಿಲ್ಲ ಅಂದೆ. ಆಮೇಲೆ ಇನ್ನೊಂದು ಮಾತೂ ಹೇಳಿದೆ. ಈ ಬಲ್ಬಿಗೆ ಬರುವ ಕರೆಂಟು ಎಲ್ಲಿಂದ ಬರುತ್ತದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವಾ. ಉರಿಸುವಾಗ ಎಲ್ಲರೂ ಉರಿಸುವುದು, ಉಳಿದದ್ದನ್ನು ಮುಚ್ಚಿಡುವ ಡಬ್ಬ ಮಾತ್ರ ಯಾರೂ ಮಾಡಬಾರದು ಅಂದರೆ ಹೇಗೆ. ಮಾಡಲೇಬೇಕು, ನೆಟ್ಟಗೆ ಮಾಡಬೇಕು. ಅಷ್ಟು ಹೇಳಿ ಎದ್ದು ಹೋಗಿ ನಲ್ಲಿ ಮುಟ್ಟಿದೆ.

ಮಾರನೇ ದಿನ ಕಲಸಿದೆವು. ಅವನೇ ನಿಂತು ತೂಕ ಹಾಕಿಸಿದ. ತುಂಬುವುದು ನಾನು. ಅಚ್ಚುಗಳನ್ನು ಅದುರುವ ಟೇಬಲ್ಲಿನ ಮೇಲೆ ಇಟ್ಟು ಸ್ವಿಚ್ಚು ಹಾಕಿದರೆ ಕಾಂಕ್ರೀಟು ನಡುಗಿ, ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ. ಮೇಲ್ಮುಖ ಮಿನುಗಿದ ಕೂಡಲೇ ನಿಲ್ಲಿಸಬೇಕು. ಸಾಹೇಬರು ನನಗೆ ಕಲಿಸಿದ್ದು ಅದು. ಗಡಿಯಾರ ನೋಡುವುದಲ್ಲ, ಮುಖ ನೋಡುವುದು.

ಸ್ವಿಚ್ಚು ಇಂಜಿನಿಯರ ಕೈಯಲ್ಲಿತ್ತು. ಮುಖ ಮಿನುಗಿತು. ಅವನು ನಿಲ್ಲಿಸಲಿಲ್ಲ.

"ಸಾಕು, ನಿಲ್ಸಪ್ಪ" ಅಂದೆ.

"ಇದು ಮನೆ ತಾರಸಿ ಮೋಲ್ಡ್ ಅಲ್ಲ ಅಜ್ಜಿ. ಒಂದು ಗುಳ್ಳೆ ಉಳಿದ್ರೂ ಕಿರಣ ಅಲ್ಲಿಂದ್ಲೇ ಬರತ್ತೆ. ನೀವು ತುಂಬಿ, ನಾನು ನೋಡ್ಕೋತೀನಿ."

ಅವನ ಹೆದರಿಕೆ ನನಗೆ ಗೊತ್ತಾಯಿತು. ಗುಳ್ಳೆ ಒಂದನ್ನೇ ನೋಡುತ್ತಿದ್ದ. ಕಲ್ಲಿನ ಭಾರ ಮರೆತಿದ್ದ. ಅಕ್ಕಿಯನ್ನು ನೀರಲ್ಲಿ ಹಾಕಿ ಅಲುಗಿಸುತ್ತಾ ಹೋದರೆ ಕಲ್ಲು ತಳಕ್ಕೆ ಇಳಿಯುತ್ತದೆ, ಅಡುಗೆ ಮಾಡುವ ಯಾವ ಹೆಂಗಸಿಗೂ ಗೊತ್ತು. ನಮ್ಮ ಮಾಮೂಲಿ ಜಲ್ಲಿ ಇಷ್ಟು ಬೇಗ ಇಳಿಯುವುದಿಲ್ಲ. ಇದು ಕಬ್ಬಿಣದ ಕಲ್ಲು. ಕರಣೆ ತೆಗೆದುಕೊಂಡು ಮೇಲೆ ನುಣ್ಣಗೆ ಮಾಡಲು ಹೋದೆ. ಒಂದು ಕಲ್ಲೂ ಕರಣೆಗೆ ತಾಗಲಿಲ್ಲ. ದೋಸೆ ಹಿಟ್ಟು ಸವರಿದ ಹಾಗೆ ಹೋಯಿತು.

ಅಲ್ಲೇ ನಾನು ಕೂಗಬೇಕಿತ್ತು. ಕೂಗಲಿಲ್ಲ. ಒಂದು ಸಲ ಹೇಳಿದೆ, ಕೇಳಲಿಲ್ಲ, ಹಾಳಾಗಿ ಹೋಗಲಿ ಅಂದುಕೊಂಡೆ. ಅದು ನನ್ನ ತಪ್ಪು, ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಅವನು ಫೋನು ಬಂತೆಂದು ಆಚೆ ಹೋದಾಗ ಏಳನೇ ಅಚ್ಚಿಗೆ ಎಣ್ಣೆ ಸವರಿ, ಉಳಿದದ್ದನ್ನು ತುಂಬಿ, ಅವನು ಅದುರಿಸಿದಷ್ಟೇ ಹೊತ್ತು ಅದುರಿಸಿದೆ. ಸಂಜೆ ಏಳೂ ಕ್ಯೂಬಿಗೆ ಮೊಳೆಯಲ್ಲಿ ನನ್ನ ಅಕ್ಷರ ಹಾಕಿದೆ. ಮರುದಿನ ಆರನ್ನು ತೊಟ್ಟಿಯಲ್ಲಿ ಸಾಲಾಗಿ ಇಟ್ಟೆ. ಏಳನೆಯದು ಹಾಸುಗಲ್ಲಿನ ಕೆಳಗೆ ಹೋಯಿತು.

ಏಳನೇ ದಿನ ನಾನಿರಲಿಲ್ಲ, ನೆಂಟರ ಮದುವೆಗೆ ಹೋಗಿದ್ದೆ. ಮಿಷನ್ನು ನೋಡಿಕೊಳ್ಳುವ ಆಪರೇಟರೇ ಮೂರನ್ನು ಎತ್ತಿ ಒಡೆದ. ಚೆನ್ನಾಗಿಯೇ ಭಾರ ತಡೆದವು ಅಂದ. ಅವನ ಕಣ್ಣು ಮುಳ್ಳಿನ ಮೇಲೆ. ಒಡೆದದ್ದನ್ನು ಗುಡಿಸಿ ಚೀಲಕ್ಕೆ ಹಾಕಿ ಹೊರಗಿಟ್ಟಿದ್ದ.

ಇಪ್ಪತ್ತೆಂಟನೇ ದಿನ ನಾನಿದ್ದೆ. ಇಂಜಿನಿಯರೂ ಬಂದಿದ್ದ, ಆ ಸಂಜೆಯೇ ವರದಿ ತೆಗೆದುಕೊಂಡು ರೈಲು ಹತ್ತಬೇಕಿತ್ತು. ಮಿಷನ್ನಿನ ಕೆಳಗೆ ಕ್ಯೂಬನ್ನು ಅಚ್ಚಿನಲ್ಲಿ ಇದ್ದ ಹಾಗೆಯೇ ನಿಲ್ಲಿಸುವುದಿಲ್ಲ. ಮಗ್ಗುಲಿಗೆ ಉರುಳಿಸಿ ಇಡುತ್ತೇವೆ, ನುಣ್ಣನೆಯ ಪಕ್ಕಗಳು ಮೇಲೂ ಕೆಳಗೂ ಬರಬೇಕು. ಹಾಗೆ ಉರುಳಿಸಿ ಎರಡು ಕೈಯಲ್ಲಿ ಹಿಡಿದಾಗ ನನ್ನ ಬಲಗೈ ಇಳಿಯಿತು. ಎಡಗೈಯಲ್ಲಿ ನನ್ನ ಅಕ್ಷರ ಇದ್ದ ಮುಖ, ಬಲಗೈಯಲ್ಲಿ ತಳ. ಎಷ್ಟು ಕ್ಯೂಬು ಎತ್ತಿದ್ದೇನೋ ಲೆಕ್ಕವಿಲ್ಲ, ಒಂದೂ ಹೀಗೆ ಒಂದು ಕಡೆಗೆ ವಾಲಿದ್ದಿಲ್ಲ.

ಎರಡನೆಯದೂ ಹಾಗೇ. ಮೂರನೆಯದನ್ನು ಕೊಡುವಾಗ ಬಾಯಿ ಬಿಟ್ಟೆ. ಇದರ ಕಲ್ಲೆಲ್ಲ ತಳದಲ್ಲಿ ಕೂತಿದೆ, ಮೇಲ್ಗಡೆ ಬರೀ ಸಿಮೆಂಟಿನ ಹಿಟ್ಟು ಅಂದೆ. ಆಪರೇಟರು, ತೂಕ ಸರಿಯಾಗಿಯೇ ಬಂದಿದೆಯಲ್ಲ ಅಂದ. ಕಲ್ಲು ಅಚ್ಚು ಬಿಟ್ಟು ಎಲ್ಲಿಗೆ ಹೋಗುತ್ತದೆ, ಒಟ್ಟು ತೂಕ ಅಷ್ಟೇ ಇರುತ್ತದೆ ಅಂದೆ. ಅಷ್ಟರಲ್ಲಿ ಮೂರನೆಯದೂ ಒಡೆಯಿತು. ಒಡೆಯುವಾಗ ಬದಿಗಳು ಮೊದಲು ಉದುರುತ್ತವೆ. ಮಗ್ಗುಲಿಗೆ ಇಟ್ಟಿದ್ದರಿಂದ ಬದಿ ಅಂದರೆ ನನ್ನ ಅಕ್ಷರದ ಕಡೆ. ಚೂರುಗಳಲ್ಲಿ ಕೈ ಆಡಿಸಿ ಅಕ್ಷರವಿದ್ದ ಒಂದು ಹೋಳು ಹುಡುಕಿದೆ. ಎರಡು ಬೆರಳು ದಪ್ಪ. ಕೆಂಪು ಕಲ್ಲು ಒಂದೂ ಇಲ್ಲ. ಇಂಜಿನಿಯರಿಗೆ ತೋರಿಸಿದೆ.

ಅವನು ತಿರುಗಿಸಿ ನೋಡಿದ. ಒಂದು ಚೂರಿನಿಂದ ಏನೂ ಹೇಳಲಾಗುವುದಿಲ್ಲ, ಮೇಲೆ ಸ್ವಲ್ಪ ಹಿಟ್ಟು ಎಲ್ಲದರಲ್ಲೂ ಇರುತ್ತದೆ ಅಂದ. ನಗಲಿಲ್ಲ ಈ ಸಲ. ಚೂರನ್ನು ವಾಪಸು ರಾಶಿಗೆ ಹಾಕಿದ.

ಮೇಡಂ ಕೋಣೆಗೆ ಹೋದೆ. ವರದಿ ಟೈಪಾಗಿ ಮೇಜಿನ ಮೇಲೆ ಇತ್ತು, ಅವರ ಸಹಿ ಒಂದು ಬಾಕಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಹೇಳಿದೆನಲ್ಲ, ಕೆಟ್ಟವರಲ್ಲ. ಆದರೆ ಅವರದೂ ಅದೇ ಮಾತು. ಕೇಳಿದ ಪರೀಕ್ಷೆ ಎರಡು, ಭಾರ ತಡೆಯುವುದು ಮತ್ತು ತೂಕ. ಎರಡೂ ಪಾಸು. ಆರು ಕ್ಯೂಬೂ ಒಡೆದಾಯಿತು. ಕೈಗೆ ಹಾಗೆ ಅನ್ನಿಸಿತು ಎಂದು ವರದಿಯಲ್ಲಿ ಬರೆಯಲು ಬರುವುದಿಲ್ಲ.

"ನಿಮ್ಮ ಅನುಭವ ನಂಗೆ ಗೊತ್ತು. ಆದ್ರೆ ತೋರ್ಸೋಕೆ ಏನಾದ್ರೂ ಇರ್ಬೇಕಲ್ಲಮ್ಮ" ಅಂದರು.

ಇತ್ತು. ತೊಟ್ಟಿಯ ಅಡಿಯಲ್ಲಿತ್ತು. ತಂದರೆ ನನ್ನ ಕೆಲಸ ಹೋಗುತ್ತದೆ. ಬಾಗಿಲ ಹತ್ತಿರ ನಿಂತು ಯೋಚನೆ ಮಾಡಿದೆ. ತುಂಬ ಹೊತ್ತೇನೂ ಅಲ್ಲ. ಕೆಲಸ ಹೋದರೆ ಮಗಳ ಆಸೆ ನೆರವೇರುತ್ತದೆ, ಮನೆಯಲ್ಲಿ ಕೂರಬೇಕಾಗುತ್ತದೆ, ಅದಕ್ಕಿಂತ ದೊಡ್ಡ ಶಿಕ್ಷೆ ನನಗಿಲ್ಲ. ಇನ್ನೊಂದು ಕಡೆ ಆ ಡಬ್ಬ. ಎತ್ತರದ ಗೋಡೆ. ಇಲ್ಲಿ ಗೇಣಷ್ಟರಲ್ಲಿ ಎರಡು ಬೆರಳು ಹಿಟ್ಟಾದರೆ ಅಲ್ಲಿ ಅದುರಿಸಿದಾಗ ಎಷ್ಟಾಗಬಹುದು. ಅದರ ಪಕ್ಕ ಕಾವಲಿಗೆ ನಿಲ್ಲುವವನು, ಕಸ ಗುಡಿಸುವವಳು, ನನ್ನಂಥವರೇ ಇರುತ್ತಾರೆ. ಅವರ ಮುಖದ ಎತ್ತರಕ್ಕೆ ಕಲ್ಲಿಲ್ಲದ ಗೋಡೆ. ಅದಕ್ಕೆ ದಾರಿ ಮಾಡಿಕೊಟ್ಟ ಕ್ಯೂಬಿನ ಮೇಲೆ ನನ್ನ ಅಕ್ಷರ.

ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದೆ. ಹಾಸುಗಲ್ಲಿನ ಕೆಳಗೆ ಕೈ ಹಾಕಿ ಏಳನೆಯದನ್ನು ಎಳೆದೆ. ಒದ್ದೆ ಸೀರೆಯಲ್ಲೇ ಕೆಂಪು ನೆಲದ ಮೇಲೆ ನೀರು ಸುರಿಸುತ್ತಾ ಹೋಗಿ ಮೇಡಂ ಮೇಜಿನ ಮೇಲೆ ಇಟ್ಟೆ. ವರದಿಯ ಮೇಲೆಯೇ. ಬೇಕೆಂದೇ ಇಟ್ಟೆ.

"ಇದೆಲ್ಲಿಂದ ಬಂತು?"

"ಏಳನೇದು. ನಾನೇ ಹಾಕಿದ್ದು."

"ಬೇಡ ಅಂತ ಹೇಳಿರ್ಲಿಲ್ವಾ ನಿಮ್ಗೆ?"

"ಹೇಳಿದ್ರಿ. ಹಾಕ್ದೆ."

ಇಂಜಿನಿಯರು ಪಕ್ಕದಲ್ಲೇ ಇದ್ದ. ರಿಜಿಸ್ಟರಿನಲ್ಲಿ ಇಲ್ಲದ ಕ್ಯೂಬು, ಇದನ್ನು ಪರಿಗಣಿಸುವ ಹಾಗಿಲ್ಲ ಮೇಡಂ ಅಂದ. ನಿಯಮ ಅವನ ಕಡೆ ಇತ್ತು, ನಿಜ. ನಾನು ಕ್ಯೂಬನ್ನು ಮಗ್ಗುಲಿಗೆ ಉರುಳಿಸಿ ಅವನ ಎರಡು ಕೈಗೆ ಕೊಟ್ಟೆ. ಯಾವ ಕೈಗೆ ಭಾರ ಹೇಳು ಅಂದೆ.

"ಎರಡೂ ಒಂದೇ" ಅಂದ.

ಬಾಯಿ ಹಾಗಂದಿತು. ಅವನ ಒಂದು ಮೊಣಕೈ ಮೇಜಿನವರೆಗೆ ಇಳಿದಿತ್ತು. ಮೇಡಂ ಅದನ್ನು ನೋಡಿದರು. ಎದ್ದು ಬಂದು ಅವನ ಕೈಯಿಂದ ತಾವೇ ತೆಗೆದುಕೊಂಡರು. ಹಿಡಿದು ನಿಂತರು. ಒಂದು ಸಲ ಆ ಕಡೆ ಈ ಕಡೆ ತಿರುಗಿಸಿ ಹಿಡಿದರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಹಿತ್ತಲಲ್ಲಿ ಓಡಾಡಿಕೊಂಡಿದ್ದವರು, ಕೈ ಪೂರ್ತಿ ಮರೆತಿರಲಿಲ್ಲ. ಆಪರೇಟರನ್ನು ಕರೆದು, ಗರಗಸ ಹಾಕಿ ಅಂದರು.

ಕಲ್ಲು ಕೊಯ್ಯುವ ಗರಗಸ ಹಿತ್ತಲ ಶೆಡ್ಡಿನಲ್ಲಿದೆ. ನೀರು ಬಿಡುತ್ತಾ ಕೊಯ್ಯಬೇಕು. ಮೇಲಿನಿಂದ ಕೆಳಕ್ಕೆ, ನನ್ನ ಅಕ್ಷರದ ನಡುವೆಯೇ ಗೆರೆ ಹಾಕಿಕೊಟ್ಟೆ. ಮೊದಲು ಬೂದು ನೀರು ಹರಿಯಿತು. ಹರಿಯುತ್ತಲೇ ಇತ್ತು. ಗರಗಸ ಸಲೀಸಾಗಿ ಇಳಿಯುತ್ತಿತ್ತು. ಆಮೇಲೆ ಸದ್ದು ಬದಲಾಯಿತು, ಕಿರುಚಲು ಶುರುವಾಯಿತು, ನೀರು ಕೆಂಪಾಯಿತು. ನೋಡುವುದೇ ಬೇಕಿರಲಿಲ್ಲ. ಸದ್ದು ಬದಲಾದಾಗಲೇ ನಾಲ್ವರಿಗೂ ತಿಳಿಯಿತು.

ಆಪರೇಟರು ಎರಡು ಹೋಳು ಮಾಡಿ ತೊಳೆದು ಕಟ್ಟೆಯ ಮೇಲಿಟ್ಟ. ತಳದ ಕಡೆ ಕೆಂಪು ಕಲ್ಲು ದಾಳಿಂಬೆ ಬಿಡಿಸಿದ ಹಾಗೆ ಒತ್ತೊತ್ತಾಗಿ ಕೂತಿತ್ತು. ಮೇಲೆ ಬರುತ್ತಾ ಬರುತ್ತಾ ವಿರಳ. ಮೇಲಿನ ಎರಡು ಬೆರಳಿನಷ್ಟು ಬರೀ ಬೂದು, ಒಂದು ಕಲ್ಲಿಲ್ಲ. ಅದರ ತಲೆಯ ಮೇಲೆ ಅರ್ಧರ್ಧ ಆದ ನನ್ನ ಅಕ್ಷರ.

ಇಂಜಿನಿಯರು ಕಟ್ಟೆಯ ಮೇಲೆ ಕೂತ, ಪ್ಯಾಂಟು ಒದ್ದೆಯಾದದ್ದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಇದನ್ನು ಬರೆಯಲೇಬೇಕಾ ಮೇಡಂ ಎಂದು ಕೇಳಿದ. ಬರೆಯುತ್ತೇನೆ ಎಂದು ಮೇಡಂ ಹೇಳಿದರು. ನಾನು ಅವನನ್ನು ಸಮಾಧಾನ ಮಾಡಲಿಲ್ಲ. ನಿಲ್ಲಿಸು ಅಂದಾಗ ನಿಲ್ಲಿಸಬೇಕಿತ್ತು. ಆದರೆ ನಾನೂ ಅವತ್ತೇ ಇನ್ನೊಂದು ಸಲ ಹೇಳಬೇಕಿತ್ತು, ಬಾಯಿ ಮುಚ್ಚಿಕೊಂಡೆ ಎಂದು ಅವನ ಮುಂದೆಯೇ ಮೇಡಂಗೆ ಹೇಳಿದೆ. ಅವನು ರೈಲು ಹತ್ತಿದ, ವರದಿ ಇಲ್ಲದೆ. ಒಂದು ಹೋಳನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೋದ. ಅದು ಅವನ ದೊಡ್ಡತನ ಅಂತಲೇ ಹೇಳಬೇಕು. ಬೇರೆಯವನಾಗಿದ್ದರೆ ಬೇರೆ ಲ್ಯಾಬು ಹುಡುಕುತ್ತಿದ್ದ.

ಇನ್ನೊಂದು ಹೋಳು ನನ್ನ ಮನೆಯ ಬಾಗಿಲಲ್ಲಿದೆ. ಎದುರು ಮನೆಯವಳು ಅದರ ಮೇಲೆ ಚೊಂಬು ಇಡುತ್ತಾಳೆ.

ವಾರ ಕಳೆದ ಮೇಲೆ ಮೇಡಂ ಕರೆದರು. ಮೇಜಿನ ಮೇಲೆ ಒಂದು ಕಾಗದ. ಸಹಿ ಮಾಡಿ ಅಂದರು. ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬರುವುದರಲ್ಲಿ ಕೊಡಿ ಅಂದೆ. ನಾನೇ ಓದಿ ಹೇಳುತ್ತೇನೆ ಅಂದರು. ನೀವು ಓದಿದರೆ ನೀವು ಓದಿದ ಹಾಗಾಯಿತು, ಸಹಿ ನನ್ನದಲ್ಲವಾ ಅಂದೆ. ಉಸಿರು ಬಿಟ್ಟು, ಬಿಳಿ ಹಾಳೆ ತೆಗೆದುಕೊಂಡು ಕನ್ನಡದಲ್ಲಿ ಕೈಯಲ್ಲೇ ಬರೆದರು. ಅವರಿಗೂ ಅಭ್ಯಾಸ ತಪ್ಪಿತ್ತು, ಹೊತ್ತು ಹಿಡಿಯಿತು. ನಾನು ಓದುವುದಕ್ಕೂ ಹೊತ್ತು ಹಿಡಿಯಿತು. ಇಬ್ಬರ ಕಾಫಿಯೂ ಆರಿತು.

ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿ ರಿಜಿಸ್ಟರಿನಲ್ಲಿ ಇಲ್ಲದ ಕ್ಯೂಬು ಹಾಕಿ ತೊಟ್ಟಿಯಲ್ಲಿ ಬಚ್ಚಿಟ್ಟಿದ್ದೇನೆ. ನಿಜ. ಹೇಳಿದ್ದು ಗೊತ್ತಿದ್ದೂ ಮಾಡಿದ್ದೇನೆ. ಅದೂ ನಿಜ. ಕೊನೆಯ ಸಾಲು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಒಪ್ಪುತ್ತೇನೆ.

ಪೆನ್ನು ಕೇಳಿದೆ. ಕೊನೆಯ ಸಾಲಿನ ಮೇಲೆ ಗೀಟು ಎಳೆದೆ. ಅದರ ಕೆಳಗೆ ಬರೆದೆ: ಮತ್ತೆ ಹಾಕುತ್ತೇನೆ. ಅದರ ಕೆಳಗೆ ನನ್ನ ಅಕ್ಷರ. ಪೆನ್ನಿನಲ್ಲಿ ಬರೆಯುವುದು ಮೊಳೆಗಿಂತ ಕಷ್ಟ, ಜಾರುತ್ತದೆ. ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ಬೇರೆಯವರು ಹೇಳಿಕೊಟ್ಟದ್ದು. ಈ ಎರಡು ಮಾತು ನಾನೇ ಬರೆದದ್ದು.

ಮೇಡಂ ಓದಿದರು.

"ಹೀಗಾದ್ರೆ ನಿಮ್ಮನ್ನ ಬಿಡಿಸ್ಬೇಕಾಗತ್ತೆ."

"ಬಿಡ್ಸಿ. ಅದನ್ನೂ ಹಿಂಗೇ ಬರ್ದು ಕೊಡಿ, ಓದ್ತೀನಿ. ನಿಮ್ಮಪ್ಪಾರು ಹಾಕು ಅಂದಿದ್ದು ಇದಕ್ಕೇನೇ. ರಿಜಿಸ್ಟರ್ನಲ್ಲಿ ಏಳನೇ ಗೆರೆ ಇಲ್ಲ ಅಂದ್ರೆ ಗೆರೆ ಎಳೀರಿ, ಕ್ಯೂಬು ಯಾಕೆ ತೆಗೀತೀರ."

ಅವರು ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. ಆರಿದ ಕಾಫಿಯನ್ನು ಹಾಗೇ ಕುಡಿದರು. ನಾನು ಹೊರಗೆ ಬಂದು ಅಚ್ಚು ತೊಳೆಯಲು ಕೂತೆ.

ಆ ಕಾಗದದ ವಿಷಯ ಇವತ್ತಿನವರೆಗೆ ಅವರೂ ಎತ್ತಿಲ್ಲ, ನಾನೂ ಕೇಳಿಲ್ಲ. ಅವರು ಬಿಡಿಸಿಲ್ಲ, ನಾನು ಬಿಟ್ಟಿಲ್ಲ. ಡ್ರಾಯರು ತೆಗೆದಾಗ ಒಮ್ಮೊಮ್ಮೆ ನನ್ನ ಕಣ್ಣಿಗೆ ಬೀಳುತ್ತದೆ.

ಇಂಜಿನಿಯರು ಮತ್ತೆ ಬಂದ. ಕೆಂಪು ಕಲ್ಲಿನ ಚೀಲಗಳೂ ಬಂದವು. ಸ್ವಲ್ಪ ಇಳಿದು ಹೋಗಿದ್ದ, ಕಂಪನಿಯಲ್ಲಿ ಚೆನ್ನಾಗಿಯೇ ಕೇಳಿಸಿಕೊಂಡಿರಬೇಕು. ನನಗೆ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಕಲಸಿದೆವು, ತುಂಬಿದೆ. ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟು ಟೇಬಲ್ಲಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡುತ್ತಾ ನಿಂತ. ಹಸಿ ಕಾಂಕ್ರೀಟು ಮಿನುಗಿತು. ಸಾಕು ಅಂದೆ. ಮಾತು ಮುಗಿಯುವ ಮೊದಲೇ ನಿಲ್ಲಿಸಿದ. ಪಕ್ಕದಲ್ಲಿಟ್ಟಿದ್ದ ಗಡಿಯಾರ ನೋಡಿ ಎಷ್ಟು ಹೊತ್ತು ಎಂದು ಬರೆದುಕೊಂಡ. ನನ್ನ ಸಾಕು ಅನ್ನುವ ಮಾತು ಅಂಕಿಯಾಗಿ ಆ ವರದಿಯಲ್ಲಿ ಸೇರಿದೆ. ಕರಣೆ ಆಡಿಸಿದಾಗ ಕಲ್ಲು ತಾಗಿತು, ಕರಕರ ಅಂದಿತು.

ಆರು ಆದ ಮೇಲೆ ಏಳನೇ ಅಚ್ಚನ್ನು ತೆಗೆದು ಟೇಬಲ್ಲಿನ ಮೇಲಿಟ್ಟೆ. ಮೇಡಂ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣು ಒಂದೊಂದೇ ಅಚ್ಚಿನ ಮೇಲೆ ಹೋಗಿದ್ದು ಕಂಡೆ. ಏನಾದರೂ ಹೇಳಲಿ ಎಂದು ಕಾದೆ. ಒಳಗೆ ಹೋದರು. ಏಳನೆಯದಕ್ಕೂ ಕಾಂಕ್ರೀಟು ತುಂಬಿದೆ.

ಸಂಜೆ ಏಳೂ ಕ್ಯೂಬಿಗೆ ನನ್ನ ಅಕ್ಷರ ಹಾಕಿದೆ. ಮರುದಿನ ಬಿಚ್ಚಿ ತೊಟ್ಟಿಗೆ ಇಳಿಸಿದೆ. ಈ ಸಲ ಏಳನೆಯದನ್ನು ಹಾಸುಗಲ್ಲಿನ ಕೆಳಗೆ ತೂರಿಸಲಿಲ್ಲ. ಸಾಲಿನ ನಡುವೆ, ಬಾಗಿಲಿನಿಂದಲೇ ಕಾಣುವ ಕಡೆ, ಅಕ್ಷರ ಮೇಲೆ ಬರುವ ಹಾಗೆ ಇಟ್ಟೆ.